ಉಳಿಸಿಕೊಂಡ ದನಿಯ ಮೊದಲ ಮಾತು

ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಯುವುದು ಬೇಡ, ರೇಡಿಯೇಷನ್ನು, ಕೀಮೋದಲ್ಲೇ ನೋಡೋಣ ಎಂದು ಡಾಕ್ಟರು ಹೇಳಿದ ದಿನವೇ ನಾನು ಕೆಡಬಹುದಾದದ್ದನ್ನೆಲ್ಲ ಪಟ್ಟಿ ಮಾಡಿದೆ. ಗಡ್ಡೆ ಕರಗದಿರಬಹುದು. ಕರಗಿದರೂ ದನಿ ಹೋಗಬಹುದು. ರೇಡಿಯೇಷನ್ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಬಿಗಿಯುವ ಜಾಲರಿಯೊಳಗೆ ಸೀನು ಬರಬಹುದು. ಬಸ್ಸಿನಲ್ಲಿ ನಮ್ಮೂರು ‘ಶಹಾಪುರ’ ಎನ್ನಲು ದನಿ ಹೊರಡದೆ, ಕಂಡಕ್ಟರು ನನ್ನನ್ನು ಮುಂದಿನ ಸುರಪುರಕ್ಕೇ ಒಯ್ದುಬಿಡಬಹುದು.

ಯಾವುದೂ ಆಗಲಿಲ್ಲ. ಗಂಟಲು ಬೆಂದು ಕೆಲವು ವಾರ ಮಾತು ನಿಂತಿತ್ತು, ಅಷ್ಟೆ. ಗಡ್ಡೆ ಕರಗಿದೆ ಎಂದು ತಿಳಿದ ಮೇಲೆ ಯಾದಗಿರಿಯಿಂದ ಅಕ್ಕ ನೋಡಲು ಬಂದಳು. ಹೆಂಡತಿ ಮೆತ್ತಗೆ ಕುದಿಸಿದ ಜೋಳದ ನುಚ್ಚು, ಬೇಳೆ ಬಡಿಸಿದಳು. ಇನ್ನೂ ಒಂದು ಮಾತೂ ಆಡಿರದ ನನ್ನ ಬಾಯನ್ನೇ ಇಬ್ಬರೂ ನೋಡುತ್ತಿದ್ದರು. ಒಂದು ತುತ್ತು ನುಂಗಿದೆ. ದನಿ ತಾನಾಗಿ ಹೊರಟಿತು:

“ಉಪ್ಪು ಕಡಿಮಿ ಆಗ್ಯದ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ದನಿ ಅದೇ ಅದ ನೋಡವ್ವಾ!”

“ಮಾತೂ ಅದೇ ಅದ ಬಿಡ್ರಿ ಅಕ್ಕಾ,” ಎಂದಳು ಹೆಂಡತಿ. “ಇಪ್ಪತ್ತೈದು ವರ್ಷದಿಂದ ಇದೇ ಕೇಳಾಕತ್ತೀನಿ. ಇದನ್ನ ಹೇಳ್ಲಿಕ್ಕೇ ಉಳಿಸ್ಕೊಂಡ್ರೇನ್ರಿ?”

ಆಮೇಲೆ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅಕ್ಕನಿಗೂ ಕೊಟ್ಟಳು.

“ಉಪ್ಪು ಬರೋಬ್ಬರಿ ಅದ. ನಿಮ್ಮ ನಾಲಿಗೀದೇ ರುಚಿ ಹೋಗ್ಯದ.”

ನನ್ನ ಪಟ್ಟಿಯಲ್ಲಿ ಉಪ್ಪು ಇರಲಿಲ್ಲ.