ಬೊಟ್ಟಿನ ಮೇಲೆ ಬಳಿದ ಸಿಮೆಂಟು

ಗಿರಿಜಾ, ಪಾಯದ ಬಿರುಕನ್ನು ಮೇಸ್ತ್ರಿ ಬಂದು ತುಂಬಿಹೋದ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಯಾವ ಮೇಸ್ತ್ರಿಯೂ ಬಂದಿರಲಿಲ್ಲ. ನೀನು ತಮ್ಮನ ಮನೆಗೆಂದು ಹೊಸದುರ್ಗಕ್ಕೆ ಹೋಗಿದ್ದಾಗ ನಾನೇ ಒಂದಿಷ್ಟು ಸಿಮೆಂಟು ಕಲಸಿ ಮೇಲೆ ಬಳಿದೆ. ನೀನು ತೀರಿಕೊಂಡು ವರ್ಷವಾಗುತ್ತಾ ಬಂತು. ಬದುಕಿದ್ದಾಗ ಹೇಳಲಾರದ್ದನ್ನು ಈಗ ಬರೆಯುತ್ತಿದ್ದೇನೆ — ಯಾರಿಗೆ ತಲುಪಲೆಂದೋ.

ನೀನು ಹೊಸದುರ್ಗದ ಬಸ್ಸು ಹತ್ತಿದ ಆ ಬೆಳಿಗ್ಗೆಯೂ ಎಲ್ಲ ದಿನದಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಮನೆಯ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಕೂಗಿದೆ: "ರೀ, ಬರ್ರಿ ಇಲ್ಲಿ, ನೋಡ್ರಿ."

ದುರ್ಗದ ಕೋಟೆ ಗುಡ್ಡದ ಬುಡದಲ್ಲಿ ಕಟ್ಟಿದ ಮನೆ ನಮ್ಮದು. ಅರ್ಧ ಬಂಡೆಯ ಮೇಲೆ, ಇನ್ನರ್ಧ ತುಂಬಿಸಿದ ಮಣ್ಣಿನ ಮೇಲೆ. ಎರಡೂ ಕೂಡುವಲ್ಲಿ ಪಾಯದ ಕಾಂಕ್ರೀಟು ಕೂದಲೆಳೆಯಷ್ಟು ಸೀಳಿತ್ತು. ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲೆಂದು ನೀನು ನಿನ್ನ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಬಿರುಕಿನ ತುದಿಗೆ ಅಂಟಿಸಿದ್ದೆ. ದಿನಾ ಬೆಳಿಗ್ಗೆ ಇಬ್ಬರೂ ಪಕ್ಕಪಕ್ಕ ಕುಳಿತು ಅದನ್ನು ನೋಡಬೇಕು.

"ದಾಟಿಲ್ಲ ಕಣೇ. ನಿನ್ನೆ ಇದ್ದಂಗೇ ಐತೆ."

"ಮನೆ ಬಿದ್ಮೇಲೆ ಕಾಣ್ತೈತೆ ಬಿಡ್ರಿ ನಿಮ್ಗೆ."

ಅಷ್ಟರಲ್ಲಿ ಎದುರು ಮನೆಯಾತ ಹಲ್ಲುಜ್ಜುತ್ತಾ ಕೇಳಿದ: "ಏನ್ ಸ್ವಾಮಿ, ಗಂಡ ಹೆಂಡ್ತಿ ದಿನಾ ಪಾಯಕ್ಕೆ ಅಡ್ಡ ಬೀಳ್ತೀರಲ್ಲ!" ನಿನಗೆ ನಗು ಬಂತು. ನನಗೆ ನಾಚಿಕೆಯಾಯಿತು. ಆ ಸುಳ್ಳು ಇಷ್ಟಕ್ಕೇ — ಬೇರೆ ಕಾರಣ ಹುಡುಕಿದರೂ ನನಗೆ ಸಿಗುವುದಿಲ್ಲ.

ಬಿರುಕಿನ ಬಾಯಿ ಬಿಡಿಸಿ, ತೊಳೆದು, ಒಳಗಿನವರೆಗೆ ತುಂಬಬೇಕು ಎಂಬುದು ಗೊತ್ತಿತ್ತು. ನೀನೇ ಯಾರನ್ನೋ ಕೇಳಿಕೊಂಡು ಬಂದು ಹೇಳಿದ್ದೆ. ನಾನು ಬೊಟ್ಟನ್ನು ಸಹ ಕೀಳಲಿಲ್ಲ. ಅದರ ಮೇಲೆಯೇ ಬಳಿದುಬಿಟ್ಟೆ.

ಊರಿಂದ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಹೋಗಿ ಅಲ್ಲಿ ಕೈಯಾಡಿಸಿದೆ.

"ಬಾಯಿ ಬಿಡಿಸಿ ತುಂಬಿದ್ನೇನ್ರಿ ಮೇಸ್ತ್ರಿ?"

"ಹೂಂ. ಮುಂದೆ ನಿಂತು ಮಾಡ್ಸೀನಿ. ಇನ್ಮೇಲೆ ದಿನಾ ನೋಡಾದೇನೂ ಬ್ಯಾಡ."

ಈ ಮಾತನ್ನು ನಾನು ಎಷ್ಟು ಸಲೀಸಾಗಿ ಆಡಿದೆ —

ನೀನು ನಂಬಿದೆ. ಮರುದಿನದಿಂದ ಕೂಗಲಿಲ್ಲ. ರಂಗೋಲಿ ಮುಗಿದರೆ ನೇರ ಒಳಗೆ. ನಾನು ಕಾಫಿ ಬಿಸಿಯಿರುವಾಗಲೇ ಕುಡಿದು, ನಿಶ್ಚಿಂತೆಯಿಂದ ಪೇಪರ್ ಓದಿದೆ. ಹಾಗೇ ವರ್ಷಗಳು ಹೋದವು. ಆಮೇಲೆ ನಿನಗೆ ಆ ಜ್ವರ ಬಂತು.

ಈ ಮಳೆಗಾಲದಲ್ಲಿ ಬಿರುಕು ನನ್ನ ಸಿಮೆಂಟನ್ನು ಸೀಳಿಕೊಂಡು ಹೊರಬಂತು. ಈ ಸಲ ನಿಜವಾಗಿಯೂ ಮೇಸ್ತ್ರಿಯನ್ನು ಕರೆಸಿದೆ. ಅವನು ಉಳಿ ಇಡುವ ಮುನ್ನ ತಡೆದು, ಮೇಲಿನ ಪದರವನ್ನು ನಾನೇ ಮೆಲ್ಲಗೆ ಎಬ್ಬಿಸಿದೆ.

"ಏನ್ ಹುಡುಕ್ತೀರಿ ಯಜಮಾನ್ರೇ, ದುರ್ಗದ ನಿಧಿ ಇಲ್ಲೇ ಐತೇನು?"

ಎದ್ದ ಚಕ್ಕೆಯ ಹಿಂಬದಿಯಲ್ಲಿ ಗುಂಡನೆಯ ಅಚ್ಚು ಇತ್ತು. ಬೊಟ್ಟು ಬಣ್ಣ ಕಳೆದುಕೊಂಡು ಕಾಂಕ್ರೀಟಿಗೆ ಅಂಟಿತ್ತು; ಬೆರಳು ತಾಕಿದೊಡನೆ ಪುಡಿಯಾಯಿತು. ಬಿರುಕು ಅದನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ನೀನು ದಿನಾ ಹೆದರುತ್ತಿದ್ದದ್ದು ಸುಮ್ಮನೆ ಅಲ್ಲ, ಗಿರಿಜಾ.

ಮೇಸ್ತ್ರಿ ಬಾಯಿ ಬಿಡಿಸಿ, ತೊಳೆದು, ಒಳಗಿನವರೆಗೆ ತುಂಬಿದ. ನಾನು ಮುಂದೆ ನಿಂತಿದ್ದೆ. ಈಗ ಬೆಳಿಗ್ಗೆ ಎದ್ದು ಅದಕ್ಕೆ ನೀರು ಹಾಕುತ್ತೇನೆ, ಮಂಡಿ ನೋಯುವವರೆಗೂ ಅಲ್ಲೇ ಕೂತಿರುತ್ತೇನೆ. ಎದುರು ಮನೆಯಾತ ನೋಡುತ್ತಾನೆ, ಏನೂ ಅನ್ನುವುದಿಲ್ಲ.

ಪಾಯ ಗಟ್ಟಿಯಾಗಿದೆ. "ಬರ್ರಿ, ನೋಡ್ರಿ" ಎಂದು ಕೂಗುವ ನೀನು ಇಲ್ಲ.