ಗಿರಣಿ ಅವ್ವನ ಕಿವಿ

ಬೆಳಿಗ್ಗೆ ಕಪ್ಪಗಿರುತ್ತಿದ್ದ ಅವರ ಹುಬ್ಬು ಸಂಜೆಯಾಗುವಷ್ಟರಲ್ಲಿ ಬೆಳ್ಳಗಾಗಿರುತ್ತಿತ್ತು. ರೆಪ್ಪೆ, ಮೂಗಿನ ತುದಿ, ಕಿವಿಯೋಲೆಯ ಸಂದಿ, ಎಲ್ಲ ಕಡೆ ಜೋಳದ ಹಿಟ್ಟು. ಗಿರಣಿಯಿಂದ ಬೀಳುವ ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇನ್ನೊಂದೀಟು ಸಣ್ಣಗ ಆಗಬೇಕು" ಎಂದು ಕಲ್ಲು ಬಿಗಿ ಮಾಡುವರು. ಶಹಾಪುರದ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಗಿರಣಿ ಅವ್ವ. ನನಗೂ ಅವ್ವನೇ. ಆದರೆ ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವವನು. ಚುನಾವಣೆ ಬಂದರೆ ನಮ್ಮ ವಾರ್ಡು ಯಾವ ಕಡೆ ವಾಲಿದೆ ಎಂದು ಬರೆಯುವ ಹೊಣೆ ನನ್ನದು. ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ ತಿನ್ನುತ್ತ ಗಂಡಸರ ಮಾತು ಕೇಳಿದರೆ ಸಾಕು, ವಾರ್ಡಿನ ಮನಸ್ಸು ತಿಳಿಯಿತೆಂದು ನಂಬಿದ್ದೆ. ಮುಂದಿನ ಬೀದಿಯ ಅಂಗಡಿಯವರು ಯಾರ ಕಡೆ, ಹಿಂದಿನ ಓಣಿಯ ಕೂಲಿಯವರು ಯಾರ ಕಡೆ, ಎಲ್ಲವೂ ನನ್ನ ಡೈರಿಯಲ್ಲಿತ್ತು.

ಹೆಣ್ಣುಮಕ್ಕಳ ಮಾತು ಮಾತ್ರ ಇರಲಿಲ್ಲ. ಅವರು ಮಾತಾಡುತ್ತಿದ್ದುದು ಗಿರಣಿಯಲ್ಲಿ. ಅಲ್ಲಿಯ ಸಪ್ಪಳಕ್ಕೆ ಅವ್ವನಿಗೆ ಏನಾದರೂ ಹೇಳಬೇಕೆಂದರೆ ಕಿವಿಗೆ ಬಾಯಿಟ್ಟೇ ಹೇಳಬೇಕು. ಒಬ್ಬಳು ಹೇಳಿದ್ದು ಪಕ್ಕದವಳಿಗೂ ಕೇಳಿಸದು. ಅವ್ವ ತಲೆಯಾಡಿಸಿ ಹಿಟ್ಟು ತುಂಬಿಕೊಡುವರು.

ಆ ಸಲ ನಗರಸಭೆ ಚುನಾವಣೆ. ಮೂರು ಬಾರಿ ಗೆದ್ದಿದ್ದ ಗೊಬ್ಬರದ ಅಂಗಡಿ ಸಾಹುಕಾರರ ಎದುರು ನಿವೃತ್ತ ನರ್ಸಮ್ಮ ಒಬ್ಬರು ನಿಂತಿದ್ದರು. ಹೋಟೆಲಿನಲ್ಲಿ ಎಲ್ಲರೂ ಸಾಹುಕಾರರ ಕಡೆಯವರೇ. ಗೋಧಿ ಹಾಕಿಸಲು ಹೋದಾಗ ಅವ್ವ ನನ್ನನ್ನು ಬದಿಗೆ ಕರೆದರು.

"ಸಾಹುಕಾರ್ರು ಈ ಸಲ ಆರಿಸಿ ಬರೂದಿಲ್ಲ ತಮ್ಮಾ. ನೋಡಿ ಬರಿ."

ಹೋಟೆಲಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಹುಕಾರರ ಗೆಲುವು ಖಚಿತ ಎಂದು ಬರೆದೆ. ನರ್ಸಮ್ಮ ಗೆದ್ದರು.

ಆಮೇಲೆ ತಿಳಿಯಿತು. ಓಣಿಯ ಹಿಂದಿದ್ದ ಹೆಂಗಸರ ಸಾರ್ವಜನಿಕ ಪಾಯಖಾನೆಯಲ್ಲಿ ಸಾಹುಕಾರರು ಗೊಬ್ಬರದ ಚೀಲ ಒಟ್ಟಿ ಕೀಲಿ ಹಾಕಿಸಿದ್ದರಂತೆ. ವರ್ಷವಾಗಿತ್ತು. ಹೋಟೆಲಿನಲ್ಲಿ ಒಬ್ಬನೂ ಆ ಮಾತೆತ್ತಿರಲಿಲ್ಲ. ಸಂಪಾದಕರು ಫೋನು ಮಾಡಿ, "ಗಿರಣಿ ಅವ್ವನ್ನೇ ವರದಿಗಾರ್ತಿ ಮಾಡ್ಕೊಳ್ಳೋಣೇನ್ರಿ?" ಎಂದರು. ಅವರು ತಮಾಷೆಗೆ ಅಂದದ್ದು ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ವಿಧಾನಸಭೆ ಚುನಾವಣೆ ಬಂದಾಗ ಮಾನ ಬಿಟ್ಟು ಗಿರಣಿಗೆ ಹೋದೆ. ಯಾವ ಮನೆಯ ಹೆಂಗಸರು ಯಾರ ಕಡೆ ಎಂದು ಕೇಳಿದೆ. ಅವ್ವ ಕೈ ಕೊಡವಿದರು.

"ಅವತ್ತು ನೀ ಮಂದ್ಯಾಗ ನಗಿಗೇಡಾಗಬಾರದಂತ ಹೇಳಿದ್ನಿ. ಯಾರು ಯಾರಿಗಿ ಹಾಕ್ತಾರ ಅಂತ ಹೇಳಿದ್ನೇನು? ಯಾರ ಹಿಟ್ಟು ಅವರ ಡಬ್ಬಿಗೇ ಹೋಗಬೇಕು ತಮ್ಮಾ."

"ನಮ್ಮ ಮನಿಯಾಕಿ?" ಎಂದುಬಿಟ್ಟೆ.

"ಆಕಿನ್ನೇ ಕೇಳು. ಮದಿವ್ಯಾಗಿ ಇಪ್ಪತ್ತು ವರ್ಷ ಆತು, ಒಮ್ಮಿಯಾದ್ರೂ ಕೇಳೀಯೇನು?"

ಕೇಳಿರಲಿಲ್ಲ. ನಾನು ಹಾಕಿದವರಿಗೇ ಅವಳೂ ಹಾಕುತ್ತಾಳೆ ಎಂದುಕೊಂಡಿದ್ದೆ. ನನ್ನ ಹೆಂಡತಿಯ ಮನಸ್ಸು ಈ ಮುದುಕಿಗೆ ಗೊತ್ತು, ನನಗೆ ಗೊತ್ತಿಲ್ಲ! ಆ ಸಿಟ್ಟಿನಲ್ಲಿ ಮಾಡಬಾರದ್ದನ್ನು ಮಾಡಿದೆ. 'ಮನೆಗಳ ನಡುವೆ ಹಿಟ್ಟಿನ ಗಿರಣಿ: ಶಬ್ದಕ್ಕೆ ಬೇಸತ್ತ ಜನ' ಎಂದು ಹೆಸರಿಲ್ಲದೆ ನಾಲ್ಕು ಸಾಲು ಬರೆದು ಕಳಿಸಿದೆ. ಬೇಸತ್ತವನು ನಾನೊಬ್ಬನೇ. ನಗರಸಭೆಯಿಂದ ನೋಟಿಸು ಬಂತು, ಗಿರಣಿ ಮುಚ್ಚಿತು.

ಹತ್ತನೆಯ ದಿನ ನಮ್ಮ ವಾರ್ಡಿನ ಹೆಂಗಸರು ಖಾಲಿ ಡಬ್ಬಿ ಹಿಡಿದು ನಗರಸಭೆ ಕಚೇರಿಗೆ ನಡೆದರು. ಮುಂದಿನ ಬೀದಿಯವರೂ ಇದ್ದರು, ಹಿಂದಿನ ಓಣಿಯವರೂ ಇದ್ದರು. ಸಾಹುಕಾರರ ಸೊಸೆ, ನರ್ಸಮ್ಮ ಜೊತೆಜೊತೆಗೆ ಇದ್ದರು. ನನ್ನ ಡೈರಿಯ ಪ್ರಕಾರ ಇವರು ಒಬ್ಬರ ಮುಖ ಒಬ್ಬರು ನೋಡದವರು. ಎಲ್ಲರಿಗಿಂತ ಮುಂದೆ ನನ್ನ ಹೆಂಡತಿ. ನಾನು ಸುದ್ದಿ ಬರೆದುಕೊಳ್ಳಲು ಪೆನ್ನು ಹಿಡಿದು ಎದುರಿಗೆ ನಿಂತಿದ್ದೆ. ನನ್ನತ್ತ ನೋಡದೆ ಹೋದಳು.

ಗಿರಣಿ ಮತ್ತೆ ಶುರುವಾಯಿತು. ಜೋಳದ ಡಬ್ಬಿ ತೆಗೆದುಕೊಂಡು ಹೋದೆ. ಹಿಟ್ಟು ಬೀಳುತ್ತಿದ್ದಾಗ ಅವ್ವ ತಟ್ಟನೆ ಸ್ವಿಚ್ ಆರಿಸಿದರು. ಅಂಥ ಮೌನ ಅಲ್ಲಿ ನಾನು ಕಂಡಿರಲಿಲ್ಲ.

"ಸಪ್ಪಳ ಬಾಳ ಆಗ್ತದೇನು ತಮ್ಮಾ?"

"ಅವ್ವಾ, ನಾನು..." ಎಂದೆ.

"ಇರ್ಲಿ ಬಿಡು. ನಿಂದೂ ನನ್ನ ಕಿವ್ಯಾಗೇ ಇರ್ತದ," ಎಂದು ಸ್ವಿಚ್ ಹಾಕಿದರು.

ಅವ್ವ ಯಾರಿಗೂ ಹೇಳಲಿಲ್ಲ. ಓಣಿಯವರು ಸಾಹುಕಾರರ ಮೇಲೆ ಗುಮಾನಿ ಪಟ್ಟಾಗ, "ಅವರಲ್ಲ, ಅವರ ಹೆಸರು ತೆಗೀಬ್ಯಾಡ್ರಿ" ಎಂದಷ್ಟೇ ಹೇಳಿದರಂತೆ.

ಹೋದ ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗಿ ಅವ್ವ ತೀರಿಕೊಂಡರು. ಅಂಗಳದ ತುಂಬ ಹೆಂಗಸರು. ಯಾರು ಯಾವ ಪಕ್ಷದವರೆಂದು ಎಣಿಸುವ ಚಟ ಅಲ್ಲಿಯೂ ನನಗೆ ಬಂತು. ಎಣಿಸಲಾಗದೆ ತಲೆ ತಗ್ಗಿಸಿದೆ. ನಾನು ಸತ್ತರೆ ಇಷ್ಟು ಮಂದಿ ಅಳುತ್ತಾರೆಯೇ ಎಂಬ ಯೋಚನೆಯೂ ಬಂತು. ಹೊಟ್ಟೆಕಿಚ್ಚಿಗೆ ಹೆಣದ ಮುಂದೆಯೂ ನಾಚಿಕೆಯಿಲ್ಲ.

ಈಗ ಮತ್ತೆ ಚುನಾವಣೆ. ಮೊನ್ನೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಹತ್ತಿರ ಕೂತು, ಆ ಸುದ್ದಿ ಬರೆದವನು ನಾನೇ ಎಂದು ಮೊದಲು ಹೇಳಿದೆ. ಬಡಿಯುವ ಕೈ ಒಂದು ಕ್ಷಣ ನಿಂತು ಮತ್ತೆ ಬಡಿಯತೊಡಗಿತು. ಆಮೇಲೆ, ಮದುವೆಯಾದಾಗಿನಿಂದ ಕೇಳದ್ದನ್ನು ಕೇಳಿದೆ.

"ಈ ಸಲ ಯಾರಿಗಿ ಹಾಕ್ತಿ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಅವ್ವ ಇದ್ದಿದ್ರ ಹೇಳ್ತಿದ್ನಿ," ಎಂದಳು.