ಪ್ಲಾಸ್ಟಿಕ್ ವೀರರ ಮಡಿ

‘ಆಕ್ಷನ್ ಫಿಗರ್’ ಎಂಬುದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಗೊಂಬೆ ಎಂದರೆ ಗದೆ ಹಿಡಿದು ನಿಂತ ವೀರನಿಗೆ ಅವಮಾನ. ವಿಗ್ರಹ ಎಂದರೆ ಆರತಿ ಎತ್ತಬೇಕಾಗುತ್ತದೆ. ಆಟಿಕೆ ಎಂದರೆ ನಲವತ್ತರ ಹತ್ತಿರ ಬಂದ ನಾನು ಅದನ್ನು ಕೊಳ್ಳುವುದಕ್ಕೆ ಕಾರಣ ಕೊಡಬೇಕಾಗುತ್ತದೆ. ಕೈಕಾಲು ಮಡಚಿ ಬೇಕಾದಂತೆ ಕೂರಿಸಬಹುದಾದ್ದರಿಂದ ‘ಉತ್ಸವಮೂರ್ತಿ’ ಎನ್ನೋಣವೆಂದು ಒಮ್ಮೆ ಹೊಳೆದಿತ್ತು. ಆದರೆ ಉತ್ಸವಮೂರ್ತಿ ವರ್ಷಕ್ಕೊಮ್ಮೆಯಾದರೂ ಬೀದಿಗೆ ಬರುತ್ತದೆ, ನನ್ನವು ಆಗ ಡಬ್ಬಿ ಬಿಟ್ಟು ಕದಲುತ್ತಲೇ ಇರಲಿಲ್ಲ.

ನನ್ನ ಮೊದಲ ವೀರರು ಮಣ್ಣಿನವರು. ಅಪ್ಪ ವಿಜಾಪುರದಿಂದ ಬಂದು ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರಿಂದ ನಾನು ಬೆಳೆದದ್ದು ಪುಣೆಯಲ್ಲಿ, ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ. ದೀಪಾವಳಿಗೆ ಇಲ್ಲಿನ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ, ಅದರ ಮೇಲೆ ‘ಮಾವಳೆ’ಗಳೆಂಬ ಶಿವಾಜಿಯ ಪುಟ್ಟ ಸೈನಿಕರನ್ನು ನಿಲ್ಲಿಸುತ್ತಾರೆ. ಹಬ್ಬ ಮುಗಿಯುವಷ್ಟರಲ್ಲಿ ಅರ್ಧ ಸೈನ್ಯಕ್ಕೆ ಕೈಯಿರುತ್ತಿರಲಿಲ್ಲ, ಆದರೂ ಯುದ್ಧ ನಿಲ್ಲುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನನಗೆ ಶಿವಾಜಿನಗರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು. ಅದೇ ಹೊತ್ತಿಗೆ ಕೀಲುಕೀಲಿಗೂ ತಿರುಗುವ ಪ್ಲಾಸ್ಟಿಕ್ ವೀರರು ಅಂಗಡಿಗಳಿಗೆ ಬಂದರು. ತೊಟ್ಟಿಲಲ್ಲಿದ್ದ ಮಗಳ ಹೆಸರು ಹೇಳಿ ಕೊಳ್ಳತೊಡಗಿದೆ. ಎರಡು ಸಾವಿರದ ಈಚೆಗೆ ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಗೆಳೆಯನೊಬ್ಬ ವಿದೇಶದಿಂದ ತಂದುಕೊಡುತ್ತ, ಡಬ್ಬಿ ಒಡೆದರೆ ಸಂಗ್ರಹದ ಮಾನವೇ ಹೋಯಿತೆಂದು ಉಪದೇಶಿಸಿದ. ಅಂದಿನಿಂದ ಕಟ್ಟಳೆಗಳು ಶುರುವಾದವು. ಷೋಕೇಸನ್ನು ನಾನಲ್ಲದೆ ಯಾರೂ ತೆರೆಯಕೂಡದು. ನಾನಾದರೂ ಕೈ ತೊಳೆದು, ಒರೆಸಿ, ಒಣಬಟ್ಟೆ ಹಿಡಿದೇ ತೆರೆಯಬೇಕು.

ಮನೆಯಲ್ಲಿ ಇದನ್ನು ವಿವರಿಸದೆಯೇ ಅರ್ಥಮಾಡಿಕೊಂಡವಳು ಅವ್ವ ಒಬ್ಬಳೇ. ಬಂದವರ ಕೈ ಷೋಕೇಸಿನತ್ತ ಹೋದರೆ ಸಾಕು, “ಮುಟ್ಟಬ್ಯಾಡ್ರಿ, ಅದು ಅವನ ಮಡಿ ಅದ” ಎನ್ನುತ್ತಿದ್ದಳು. ಹೆಂಡತಿ ನಗುತ್ತಿದ್ದಳು, ನಾನು ಇಂಗು ತಿಂದ ಮಂಗನಂತಾಗುತ್ತಿದ್ದೆ. ಏಕೆಂದರೆ ವಾಡೆಯ ಕಾಲದಲ್ಲಿ ಅವ್ವನ ಮಡಿಗೆ ನನ್ನಂಥ ಶತ್ರು ಬೇರೊಬ್ಬನಿರಲಿಲ್ಲ. ಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವಿದ ಸೀರೆಯುಟ್ಟು ಅವಳು ನೈವೇದ್ಯದ ಅಡಿಗೆಗೆ ಕುಳಿತಳೆಂದರೆ, ನಾನು ಹಿಂದಿನಿಂದ ಓಡಿಬಂದು ಅವಳ ಕೊರಳಿಗೆ ಜೋತುಬೀಳುತ್ತಿದ್ದೆ. “ಮಂಗ್ಯಾ!” ಎಂದು ಬೈದು, ಅಂಗಳದ ನಲ್ಲಿಯ ತಣ್ಣೀರನ್ನು ಮತ್ತೆ ಸುರಿದುಕೊಂಡು ಬರುತ್ತಿದ್ದಳು. ಮುಂದೆ ಕಾಲೇಜು ಸೇರಿದ ಮೇಲೆ ಇದಕ್ಕೆಲ್ಲ ವೈಚಾರಿಕತೆಯೆಂಬ ದೊಡ್ಡ ಹೆಸರು ಕೊಟ್ಟು ಅವಳೊಂದಿಗೆ ವಾದಿಸಿದೆ. ಮಡಿ ನಿಂತದ್ದು ನನ್ನ ವಾದದಿಂದಲೇ ಎಂದು ಬಹುಕಾಲ ನಂಬಿಯೂ ಇದ್ದೆ.

ಒಂದು ದೀಪಾವಳಿಗೆ, ಎಂಟು ವರ್ಷದ ಮಗಳು ಮೇಧಾ ನಮ್ಮ ಕಟ್ಟಡದ ಅಂಗಳದಲ್ಲಿ ಕಿಲ್ಲೆ ಕಟ್ಟಿದಳು. ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ: ಕಿಲ್ಲೆಯ ಬಾಗಿಲಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ನನ್ನ ಸಂಗ್ರಹದ ಶಿರೋಮಣಿ! ಪಕ್ಕದಲ್ಲಿ ಹರಿದ ಡಬ್ಬಿ. ನೆರೆಯವರು ಮಹಡಿಯ ಗ್ಯಾಲರಿಗೆ ಬಂದು ಇಣುಕುವಂತೆ ಕೂಗಾಡಿದೆ.

“ಒಬ್ಬ ಮಾವಳಾ ಕಡಿಮಿ ಬಿದ್ದಿದ್ದ ಅಪ್ಪಾ,” ಎಂದಳು ಮೇಧಾ. “ಇಂವ ಒಳಗ ಸುಮ್ನ ನಿಂತಿದ್ದ.”

ಮರುದಿನದಿಂದ ಅವಳು ಷೋಕೇಸಿನ ಹತ್ತಿರ ಸುಳಿಯಲಿಲ್ಲ, ನನ್ನ ಹತ್ತಿರವೂ ಸುಳಿಯಲಿಲ್ಲ. ದಿನವೂ ನಾನು ಚಪ್ಪಲಿ ಬಿಡುವ ಮೊದಲೇ ಬಂದು ಮೈಮೇಲೆ ಬೀಳುತ್ತಿದ್ದ ಹುಡುಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಬದಿಗೆ ಸರಿದು ನನಗೆ ದಾರಿ ಬಿಡತೊಡಗಿದಳು. ವೀರರ ಜೊತೆಗೆ ನನ್ನನ್ನೂ ಮಡಿಯಲ್ಲಿಟ್ಟಿದ್ದಳು. ಒಂದು ದಿನ, ಎರಡು ದಿನ. ಮೂರನೆಯ ದಿನ ನನಗೆ ನಿಜಕ್ಕೂ ಭಯವಾಯಿತು.

ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅವ್ವನ ಬಳಿ ಹೋಗಿ ದೂರು ಹೇಳಿದೆ. ಮಡಿಯ ಕಷ್ಟ ಬಲ್ಲವಳು, ನನ್ನ ಪಕ್ಷ ವಹಿಸಿಯಾಳೆಂಬ ಆಸೆ. ಅವಳು ಹತ್ತಿಯ ಇನ್ನೊಂದು ಎಳೆ ಎಳೆದುಕೊಂಡಳು. ಮಾತು ಬೆಳೆಸಲೆಂದು, “ನೀ ಮಡಿ ಯಾವಾಗ ಬಿಟ್ಟಿ ಅವ್ವಾ?” ಎಂದು ಕೇಳಿದೆ.

“ನೀ ಕಾಲೇಜಿಗೆ ಹೋಗಿ ಶಾಣ್ಯಾ ಆದ್ಮ್ಯಾಲ,” ಎಂದಳು, ಬತ್ತಿಯಿಂದ ಕಣ್ಣೆತ್ತದೆ. “ಓಡಿ ಬಂದು ಮುಟ್ಟಾವ್ರ ಇಲ್ಲಂದ ಮ್ಯಾಲ, ಮಡಿ ಯಾರ ಸಲುವಾಗಿ ಉಡೂದು?”

ಅಷ್ಟು ವರ್ಷ ಅವಳು ಮಡಿಯುಟ್ಟದ್ದು ದೇವರಿಗೋ, ನನಗೋ? ಗೆದ್ದೆನೆಂದುಕೊಂಡಿದ್ದ ವಾದದಲ್ಲಿ ನಾನು ಕಳೆದುಕೊಂಡದ್ದೇನು? ನೀವೇ ಹೇಳಿ, ಇಂಥದ್ದನ್ನು ಯಾವ ಶಾಸ್ತ್ರದಲ್ಲಿ ಹುಡುಕುವುದು? ಎದ್ದು ಹೋಗಿ ಷೋಕೇಸಿನಿಂದ ಇನ್ನೊಂದು ಡಬ್ಬಿ ತೆಗೆದು, ಅದರ ಮುಚ್ಚಳವನ್ನು ಪರ್‍ರೆಂದು ಹರಿದೆ. ಹರಿದ ಚೂರನ್ನು ಜೇಬಿಗಿಳಿಸಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಒಳಗಿದ್ದ ವೀರನನ್ನು ಹಿಡಿದು ಅಂಗಳಕ್ಕಿಳಿದು ಮೇಧಾಳನ್ನು ಕರೆದೆ. ಕಿಲ್ಲೆಗೆ ಮಣ್ಣು ಮೆತ್ತುತ್ತಿದ್ದವಳು ಎದ್ದು ಎರಡು ಹೆಜ್ಜೆ ಬಂದಳು, ನಿಂತಳು, ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

“ಕೈ ತೊಳ್ಕೊಂಡು ಬರ್ಲೇನಪ್ಪಾ?”

ಇಂದಿಗೂ ಹೆಸರು ಸಿಗದ ಆ ವಸ್ತುವನ್ನು ನೆಲದ ಮೇಲಿಟ್ಟು, ನಾನು ಅವಳ ಎರಡೂ ಕೈಗಳನ್ನು ಮಣ್ಣು ಸಮೇತ ಹಿಡಿದುಕೊಂಡೆ.